ಪಂದೆಲಿಸನಿಗೆ ಬೇಯಿಸಿದ ಗೋಧಿ

ಜಂಬೇಟಾಳ ಬಗ್ಗೆ ಒಳ್ಳೆಯ ಮಾತುಗಳನ್ನಷ್ಟೇ ಬರೆಯಹೊರಟರೆ ಜಂಬೇಟಾಳನ್ನೇ ಬಿಟ್ಟು ಬರೆದ ಹಾಗಾಗುತ್ತದೆ. ಅವಳು ಯಾರನ್ನೂ ಸುಲಭವಾಗಿ ಕ್ಷಮಿಸಿದವಳಲ್ಲ. ಒಬ್ಬನನ್ನಂತೂ ಕೊನೆಯವರೆಗೂ ಕ್ಷಮಿಸಲಿಲ್ಲ. ಈ ಚಳಿಗಾಲದಲ್ಲಿ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ದ್ವೀಪದ ಹೆಂಗಸರು ಅವಳನ್ನು ಶಾಂತ ಸ್ವಭಾವದವಳು, ಎಲ್ಲರಿಗೂ ಬೇಕಾದವಳು ಎಂದು ಹೊಗಳತೊಡಗಿದ್ದಾರೆ. ಅದು ಅವಳ ಕಿವಿಗೆ ಬಿದ್ದಿದ್ದರೆ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದಳು.

ಗ್ರೀಸಿನ ಭೂಪಟದಲ್ಲಿ ನೊಣ ಕೂತು ಹೋದ ಗುರುತಿನಷ್ಟೇ ಕಾಣುವ ದ್ವೀಪ ಇದು. ಬೇಸಿಗೆ ಬಂತೆಂದರೆ ಊರಿನವರಿಗಿಂತ ರಜೆಗೆ ಬಂದವರೇ ಹೆಚ್ಚು. ದೊಡ್ಡ ಹಡಗು ಧಕ್ಕೆಗೆ ಬೆನ್ನು ಕೊಟ್ಟು ಬಾಯಿ ತೆರೆದ ಕೂಡಲೇ ಕೋಣೆ ಬಾಡಿಗೆಗೆ ಕೊಡುವವರೆಲ್ಲ ಫೋಟೊ ಅಂಟಿಸಿದ ಹಲಗೆಗಳನ್ನು ಎತ್ತಿ ಹಿಡಿದು ಕೂಗಲು ಶುರುಮಾಡುತ್ತಾರೆ. ಜಂಬೇಟಾ ಹಲಗೆ ಹಿಡಿದವಳಲ್ಲ. ಕಪ್ಪು ಉಡುಪಿನಲ್ಲಿ, ಸೊಂಟದ ಮೇಲೆ ಕೈಯಿಟ್ಟು, ಇಳಿಯುವವರನ್ನು ಸಂತೆಯಲ್ಲಿ ಕುರಿ ನೋಡುವ ಹಾಗೆ ನೋಡುತ್ತಿದ್ದಳು. "ಇವನು ಗೊರಕೆಯವನು. ಇವಳು ಹಾಸಿಗೆ ಮೇಲೆ ಕಲ್ಲಂಗಡಿ ತಿನ್ನೋಳು. ಇವರಿಬ್ಬರು ನಾಳೆನೇ ಜಗಳ ಆಡ್ತಾರೆ ನೋಡು, ಇವತ್ತೇ ಮುಖ ತಿರುಗಿಸ್ಕೊಂಡಿದಾರೆ." ಯಾರಾದರೂ ಹಿಡಿಸಿದರೆ ಮುಂದೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ದೋಣಿ ವಿಹಾರಕ್ಕೆ ಹೋಗ್ತೀರಾ?"

ಸಮುದ್ರ ನೋಡಲೆಂದೇ ಅಷ್ಟು ದೂರದಿಂದ ಬಂದವರು ಇನ್ನೇನು ಹೇಳಿಯಾರು? "ಹೌದು, ಹೌದು" ಎನ್ನುತ್ತಿದ್ದರು.

"ಹಾಗಿದ್ರೆ ನನ್ನಲ್ಲಿ ಕೋಣೆ ಇಲ್ಲ. ಅಗೋ, ಆ ಹಳದಿ ಛತ್ರಿಯವಳ ಹತ್ರ ಹೋಗಿ."

ದ್ವೀಪದಲ್ಲಿದ್ದ ವಿಹಾರದ ದೋಣಿಗಳೆಲ್ಲ ಪಂದೆಲಿಸನವು. ಅವನ ದೋಣಿ ಹತ್ತುವ ಕಾಲು ತನ್ನ ಹೊಸಿಲು ತುಳಿಯಬಾರದು ಎನ್ನುವುದು ಜಂಬೇಟಾಳ ಹಟ. ಇದರಿಂದಾಗಿ ಅವಳ ಕೋಣೆಗಳು ಎಷ್ಟೋ ದಿನ ಖಾಲಿ ಬಿದ್ದಿರುತ್ತಿದ್ದವು. ಅವಳು ಖಾಲಿ ಹಾಸಿಗೆಗಳಿಗೂ ಬಿಸಿಲಲ್ಲಿ ಒಣಗಿದ ಹೊಸ ಹೊದಿಕೆ ಹಾಸಿ, ಕಿಟಕಿ ತೆಗೆದಿಟ್ಟು, ಅಂಗಳದಲ್ಲಿ ಕೂತು ಬೀನ್ಸ್ ನಾರು ಬಿಡಿಸುತ್ತಿದ್ದಳು.

ಪಂದೆಲಿಸ್ ಒಂದು ಕಾಲಕ್ಕೆ ಪರಕೀಯನಾಗಿರಲಿಲ್ಲ. ಅವಳ ಗಂಡ ನಿಕಿತಾಸನೂ ಅವನೂ ಒಂದೇ ಕಲ್ಲಿನಿಂದ ಕಡಲಿಗೆ ಹಾರಿ ಈಜು ಕಲಿತವರು. ನಿಕಿತಾಸ್ ಜಂಬೇಟಾಳನ್ನು ಮದುವೆಯಾದಾಗ ಇಬ್ಬರ ಹಿಂದೆ ನಿಂತು, ವಧುವರರ ತಲೆಯ ಮೇಲಿನ ಹೂವಿನ ಕಿರೀಟಗಳನ್ನು ಮೂರು ಸಲ ಅದಲುಬದಲು ಮಾಡಿದವನು ಅವನೇ. ನಮ್ಮಲ್ಲಿ ಆ ಕೆಲಸ ಮಾಡಿದವನು ಒಡಹುಟ್ಟಿದವನಿಗಿಂತ ಹತ್ತಿರದವನು. ಮುಂದೆ ಪಂದೆಲಿಸ್ ದೋಣಿ ಕೊಂಡ, ನಿಕಿತಾಸ್ ಆ ದೋಣಿ ನಡೆಸಿದ. ಒಬ್ಬ ಒಡೆಯ, ಒಬ್ಬ ಆಳು ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಜಂಬೇಟಾಳಿಗೆ ಮಾತ್ರ ಅನ್ನಿಸಿತ್ತು. ಅವಳು ಹೇಳಿದ್ದಳು ಕೂಡ. ನಿಕಿತಾಸ್ ನಕ್ಕುಬಿಟ್ಟಿದ್ದ.

ಆಗಸ್ಟಿನಲ್ಲಿ ಬಡಗಾಳಿ ಬೀಸುತ್ತದೆ. ಆಕಾಶ ಶುಭ್ರವಾಗಿಯೇ ಇರುತ್ತದೆ, ಒಂದು ಮೋಡವಿರುವುದಿಲ್ಲ, ಆದರೆ ಕಡಲು ಬೆಳ್ಳಗೆ ಹಲ್ಲು ಕಿರಿಯುತ್ತದೆ. ಅಂಥ ಒಂದು ಬೆಳಿಗ್ಗೆ ನಿಕಿತಾಸ್ ಪ್ರವಾಸಿಗರನ್ನು ತುಂಬಿಕೊಂಡು ದ್ವೀಪದ ಬೆನ್ನಿಗಿರುವ ಬಿಳಿ ಮರಳಿನ ಕಡೆ ಹೊರಟ. ಭೂಶಿರದ ಹತ್ತಿರ ದೋಣಿ ಬಂಡೆಗೆ ಬಡಿಯಿತು. ಅವನು ನೀರಿಗಿಳಿದು ಒಬ್ಬೊಬ್ಬರನ್ನೇ ಬಂಡೆಯ ಮೇಲಕ್ಕೆ ನೂಕಿದ. ಬಂದವರೆಲ್ಲ ಉಳಿದರು. ಅವನು ಮೇಲೆ ಬರಲಿಲ್ಲ.

ಪಾರಾದವರನ್ನು ಬೇರೊಂದು ದೋಣಿ ನೇರ ದೊಡ್ಡ ದ್ವೀಪದ ಆಸ್ಪತ್ರೆಗೆ ಸಾಗಿಸಿತು. ಅಲ್ಲಿಂದ ಅವರು ತಮ್ಮ ತಮ್ಮ ದೇಶಗಳಿಗೆ ಹೋದರು. ರಜೆಗೆ ಬಂದವರು ಹೀಗೆಯೇ. ಅವರು ಹೊರಟುಹೋಗುತ್ತಾರೆ, ನಡೆದದ್ದನ್ನು ಹೇಳುವ ಕೆಲಸ ಊರಲ್ಲಿ ಉಳಿದವರ ಬಾಯಿಗೆ ಬೀಳುತ್ತದೆ. ಅಂದು ಸಂಜೆ ಧಕ್ಕೆಯ ಕಾಫಿ ಅಂಗಡಿಯಲ್ಲಿ ಉಳಿದ ಬಾಯಿ ಪಂದೆಲಿಸನದು. "ಬೇಡ ಅಂದೆ ಕಣ್ರೋ. ಗಾಳಿ ನೋಡೋ ಅಂದೆ. ಕೇಳೋ ಸ್ಥಿತಿಯಲ್ಲಿರ್ಲಿಲ್ಲ. ಬೆಳಿಗ್ಗೇನೇ ಹಾಕ್ಕೊಂಡಿದ್ದ" ಎಂದ. ಹೇಳುತ್ತಾ ಅತ್ತ. ಅತ್ತದ್ದರಿಂದ ಎಲ್ಲರೂ ನಂಬಿದರು.

ಕನ್ಯೆ ಮರಿಯಮ್ಮನ ಉಪವಾಸದ ದಿನಗಳು ಅವು. ಆ ದಿನಗಳಲ್ಲಿ ನಿಕಿತಾಸ್ ಹನಿ ಕುಡಿಯುತ್ತಿರಲಿಲ್ಲ. ತಾಯಿಗೆ ಕೊಟ್ಟ ಮಾತು. ಜಂಬೇಟಾ ಇದನ್ನು ಮನೆಮನೆಗೆ ಹೋಗಿ ಹೇಳಿದಳು. ಜನ ಅವಳ ಕೈ ಹಿಡಿದುಕೊಂಡರು, ಮುಂದೆ ಕುರ್ಚಿ ಎಳೆದರು, ಕಾಫಿ ಕೊಟ್ಟರು. ನಂಬಲಿಲ್ಲ. ಗಂಡ ಸತ್ತವಳು ಗಂಡನನ್ನು ಬಿಟ್ಟುಕೊಡುತ್ತಾಳೆಯೇ?

ಆಮೇಲೆ ಆ ಬಂಡೆಗೆ ಹೆಸರು ಬಂತು. ನಿಕಿತಾಸನ ಲೋಟ. ಯಾರು ಮೊದಲು ಹೇಳಿದರೋ ಗೊತ್ತಿಲ್ಲ. ಮರುವರ್ಷ ಪಂದೆಲಿಸ್ ಹೊಸ ದೋಣಿ ತಂದ, ಅದಕ್ಕೊಂದು ಧ್ವನಿವರ್ಧಕ ಇಟ್ಟ. ಭೂಶಿರ ದಾಟುವಾಗ ಪ್ರವಾಸಿಗರಿಗೆ ಅವನದೇ ದನಿ ಕೇಳಿಸುತ್ತಿತ್ತು: "ಬಲಗಡೆ ನೋಡಿ, ಇದು ನಿಕಿತಾಸನ ಲೋಟ. ಒಬ್ಬ ನಾವಿಕನಿದ್ದ, ಊರಲ್ಲಿದ್ದ ಲೋಟ ಸಾಲದು ಅಂತ ಇಲ್ಲಿಗೆ ಬಂದ!" ಎಲ್ಲರೂ ನಗುತ್ತಿದ್ದರು. ಗಾಳಿ ಆ ಕಡೆಯಿಂದ ಇದ್ದರೆ ನಗು ಜಂಬೇಟಾಳ ಅಂಗಳದವರೆಗೂ ಬರುತ್ತಿತ್ತು. ಆಗ ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ನಗು ಪೂರ್ತಿ ಮುಗಿಯುವ ತನಕ ಕೇಳಿಸಿಕೊಂಡು, ಮತ್ತೆ ಕೆಲಸಕ್ಕೆ ಕೈಹಾಕುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ. ಯಾವ ಬಾಯಿ ಕಾಫಿ ಅಂಗಡಿಯಲ್ಲಿ ಕುಡಿದಿದ್ದ ಎಂದಿತೋ, ಅದೇ ಬಾಯಿ ಎಲ್ಲರೆದುರು ಕುಡಿದಿರಲಿಲ್ಲ ಎನ್ನಬೇಕು.

ಅದು ಸಿಗುವ ತನಕ ಸಣ್ಣಪುಟ್ಟದರಲ್ಲಿ ಸಮಾಧಾನಪಟ್ಟುಕೊಂಡಳು. ಒಂದು ಹುಂಜ ಸಾಕಿ ಅದಕ್ಕೆ ಪಂದೆಲಿಸ್ ಎಂದು ಹೆಸರಿಟ್ಟಳು. ಆ ಪಂದೆಲಿಸ್ ಬೀದಿಯಲ್ಲಿ ಹಾದು ಹೋಗುವಾಗ ಈ ಪಂದೆಲಿಸನಿಗೆ ಬೈಗುಳ. "ಥೂ ಪಂದೆಲಿಸ್, ಹೇಲು ತುಳ್ಕೊಂಡು ಒಳಗೆ ಬರ್ತೀಯಾ? ನಾಚಿಕೆಗೆಟ್ಟೋನೆ! ನಿನ್ನ ಕೂಗು ಯಾರಿಗೆ ಬೇಕೋ, ಮೊಟ್ಟೆ ಇಡೋಕಂತೂ ಆಗಲ್ಲ!" ಪಕ್ಕದ ಮನೆಯವರು ಕಿಟಕಿ ಹಿಂದೆ ಬಾಯಿಗೆ ತಲೆವಸ್ತ್ರ ತುರುಕಿಕೊಂಡು ನಗುತ್ತಿದ್ದರು. ಒಂದು ಹುಂಜ ಸಾರಾದರೆ ಮತ್ತೊಂದು ಬರುತ್ತಿತ್ತು. ಹೆಸರು ಬದಲಾಗುತ್ತಿರಲಿಲ್ಲ.

ಈಸ್ಟರಿಗೆ ಮೊದಲು ಬರುವ ದೊಡ್ಡ ಉಪವಾಸಕ್ಕೆ ಮುಂಚಿನ ಭಾನುವಾರ ಸಂಜೆ ಚರ್ಚಿನಲ್ಲಿ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವುದು ಪದ್ಧತಿ. ಕೇಳಿದವನಿಗೆ "ದೇವರು ಕ್ಷಮಿಸಲಿ" ಎನ್ನಬೇಕು. ಪಂದೆಲಿಸ್ ವರ್ಷವರ್ಷವೂ ಸಾಲಿನಲ್ಲಿ ಅವಳ ಮುಂದೆ ಬಂದು ನಿಲ್ಲುತ್ತಿದ್ದ.

"ಕ್ಷಮಿಸು, ಜಂಬೇಟಾ."

"ಯಾವುದಕ್ಕೆ?"

"ಎಲ್ಲದಕ್ಕೂ."

"ಎಲ್ಲದಕ್ಕೂ ಅಂದ್ರೆ ಯಾವುದಕ್ಕೂ ಅಲ್ಲ ಅಂತ. ಮುಂದೆ ಹೋಗು, ಹಿಂದಿನವ್ರು ಕಾಯ್ತಿದಾರೆ."

ಅವನು ಹೋಗುತ್ತಿದ್ದ. ಆದರೆ ಮುಖ ಬಾಡುತ್ತಿತ್ತು. ವಯಸ್ಸಾಗುತ್ತ ಬಂದ ಹಾಗೆ ಇನ್ನಷ್ಟು ಬಾಡುತ್ತಿತ್ತು. ಕ್ಷಮೆ ಸಿಗದೆ ಸತ್ತವನ ದೇಹ ಮಣ್ಣಿನಲ್ಲಿ ಕರಗುವುದಿಲ್ಲ ಎಂದು ನಮ್ಮ ಅಜ್ಜಿಯರು ನಂಬಿದ್ದರು. ಕೆಲವು ವರ್ಷಗಳ ನಂತರ ಮೂಳೆ ತೆಗೆಯಲು ಅಗೆದಾಗ ಇಟ್ಟ ಹಾಗೇ ಇರುತ್ತದಂತೆ. ಇದೆಲ್ಲ ಹಳೆಯ ಕಾಲದ ಮಾತು ಎಂದು ಪಂದೆಲಿಸ್ ಜೋರಾಗಿ ಹೇಳುತ್ತಿದ್ದ. ಕೇಳದವರಿಗೂ ಹೇಳುತ್ತಿದ್ದ.

ಹೀಗಿರುವಾಗ ಒಂದು ಜುಲೈನಲ್ಲಿ ಹಡಗಿನಿಂದ ಒಬ್ಬಳೇ ಒಬ್ಬ ಹೆಂಗಸು ಇಳಿದಳು. ಬೆನ್ನಿಗೊಂದು ಚೀಲ, ಮೂಗೆಲ್ಲ ಬಿಸಿಲಿಗೆ ಸುಲಿದಿತ್ತು. ಜಂಬೇಟಾ ಮುಂದೆ ಹೋಗಿ ತನ್ನ ಪ್ರಶ್ನೆ ಕೇಳಿದಳು.

"ದೋಣಿ ವಿಹಾರಕ್ಕೆ ಹೋಗ್ತೀಯಾ?"

"ಇಲ್ಲ" ಎಂದಳು ಅವಳು. ನಮ್ಮ ಭಾಷೆಯಲ್ಲೇ. "ಇಲ್ಲಿ ದೋಣಿ ನಾನು ಹತ್ತಲ್ಲ."

ಜಂಬೇಟಾ ಅವಳ ಚೀಲವನ್ನು ತಾನೇ ಹೊತ್ತುಕೊಂಡಳು.

ಅವಳ ಹೆಸರು ಫೆಂಕೆ. ಹಾಲೆಂಡಿನವಳು, ಶಾಲೆಯಲ್ಲಿ ಕಲಿಸುವವಳು. ಮರುದಿನ ಬೆಳಿಗ್ಗೆ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕಾಫಿ ಕುಡಿಯುವಾಗ ಜಂಬೇಟಾ ವಿಚಾರಿಸಿದಳು.

"ದೋಣಿ ಅಂದ್ರೆ ಯಾಕಮ್ಮ ಅಷ್ಟು ಕೋಪ? ನನಗಂತೂ ಕಾರಣ ಇದೆ."

"ಚಿಕ್ಕವಳಿದ್ದಾಗ ಇಲ್ಲಿ ಬಂದಿದ್ದೆ. ಅಪ್ಪ ಅಮ್ಮನ ಜೊತೆ ರಜೆ. ದೋಣಿ ಒಡೀತು. ಒಬ್ಬ ಮನುಷ್ಯ ನನ್ನನ್ನ ಕಲ್ಲಿನ ಮೇಲೆ ಎಸೆದ. ಅವನು ಹೋದ. ಅಪ್ಪ ಅಮ್ಮ ಇರೋ ತನಕ ಇಲ್ಲಿಗೆ ಬರೋಕೆ ಬಿಡ್ಲಿಲ್ಲ."

ಜಂಬೇಟಾ ಕಾಫಿಯ ಬಟ್ಟಲನ್ನು ತಟ್ಟೆಯ ಮೇಲಿಡಲು ಹೋದಳು. ಅದು ತಟ್ಟೆಯ ಪಕ್ಕಕ್ಕೆ ಇಳಿಯಿತು.

"ಅವನ ಮೈಯಲ್ಲಿ ವಾಸನೆ ಇತ್ತಾ?"

"ಇತ್ತು."

ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು.

"ನಿಂಬೆ" ಎಂದಳು ಫೆಂಕೆ. "ನನಗೆ ವಾಂತಿ ಬರ್ತಿತ್ತು. ನಿಂಬೆಹಣ್ಣು ಹಲ್ಲಲ್ಲಿ ಕಚ್ಚಿ ಅರ್ಧ ನನಗೆ ಕೊಟ್ಟ, ಅರ್ಧ ತಾನು ಚೀಪಿದ. ನೋಡು, ಹೀಗೆ ಮಾಡು ಅಂತ ಮುಖ ಸೊಟ್ಟ ಮಾಡಿ ತೋರಿಸಿದ. ಗಾಳಿಗೆ ತಲೆ ನೋಯುತ್ತೆ ಅಂತ ಅವನ ಟೋಪಿ ನನಗೆ ಹಾಕಿದ. ದೊಡ್ಡದಾಯ್ತು. ಬಿಸ್ಕತ್ತಿನ ಡಬ್ಬದ ದಾರ ಬಿಚ್ಚಿ ಗಲ್ಲದ ಕೆಳಗೆ ಕಟ್ಟಿದ."

"ಹೊರಡೋಕೆ ಮುಂಚೆ? ಧಕ್ಕೆಯಲ್ಲಿ?"

"ಜಗಳ. ಇವನು ಸಮುದ್ರ ತೋರಿಸ್ತಿದ್ದ, ಬೇಡ ಬೇಡ ಅಂತ ಕೈ. ಇನ್ನೊಬ್ಬ, ಚಿನ್ನದ ಹಲ್ಲಿನವನು, ದೋಣಿಗೆ ಬಡಿದು ಬಡಿದು ಒಂದೇ ಮಾತು ಕೂಗ್ತಿದ್ದ. ಅರ್ಥ ಗೊತ್ತಿರ್ಲಿಲ್ಲ. ದೋಣಿಯವರೆಲ್ಲ ನಕ್ಕರು ಅಂತ ನಾನೂ ಆ ಮಾತು ಕಲಿತು ಕೂಗಿದೆ." ಫೆಂಕೆ ತಲೆ ತಗ್ಗಿಸಿದಳು. "ದೊಡ್ಡವಳಾದ ಮೇಲೆ ಅದರ ಅರ್ಥ ತಿಳ್ಕೊಳ್ಳೋಕೆ ಅಂತಲೇ ನಿಮ್ಮ ಭಾಷೆ ಕಲಿಯೋಕೆ ಹೋದೆ. ಹೆಣ್ಣಿಗ ಅಂತ. ಹೆಣ್ಣಿಗ, ಹೆಣ್ಣಿಗ."

ಚಿನ್ನದ ಹಲ್ಲು ದ್ವೀಪಕ್ಕೆಲ್ಲ ಒಂದೇ ಇತ್ತು, ಪಂದೆಲಿಸನ ಬಾಯಲ್ಲಿ.

ಜಂಬೇಟಾ ಎದ್ದು ಹೋಗಿ ತಂತಿಯ ಮೇಲಿದ್ದ ಹೊದಿಕೆಗಳನ್ನು ತೆಗೆಯತೊಡಗಿದಳು. ಅವು ಇನ್ನೂ ಒದ್ದೆಯಾಗಿದ್ದವು. ಎಲ್ಲವನ್ನೂ ತೋಳಿನಲ್ಲಿ ಹೇರಿಕೊಂಡು ಸ್ವಲ್ಪ ಹೊತ್ತು ನಿಂತು, ಮತ್ತೆ ಒಂದೊಂದಾಗಿ ಅದೇ ತಂತಿಗೆ ಹರವಿದಳು. ಆಮೇಲೆ ತಿರುಗಿ ಕೇಳಿದಳು.

"ಆ ಟೋಪಿ ಏನಾಯ್ತು?"

"ತಂದಿದೀನಿ. ಅವನ ಮನೆಯವ್ರು ಇದ್ರೆ ಕೊಡೋಣ ಅಂತ. ಯಾರನ್ನ ಕೇಳೋದು ಅಂತ ಗೊತ್ತಿರ್ಲಿಲ್ಲ."

"ಅವನ ಹೆಂಡತಿ ನಾನೇ. ಆದ್ರೆ ಈಗ ನನಗೆ ಕೊಡ್ಬೇಡ" ಎಂದಳು ಜಂಬೇಟಾ. "ಇಪ್ಪತ್ತೇಳಕ್ಕೆ ಸಂತ ಪಂದೆಲೈಮೋನನ ಹಬ್ಬ. ಅಲ್ಲೀ ತನಕ ಇರ್ತೀಯ ತಾನೆ? ಇರ್ಬೇಕು. ದಿನಾ ಮೀನು ಹುರಿದು ಹಾಕ್ತೀನಿ."

ಸಂತನ ಹಬ್ಬ ಎಂದರೆ ಆ ಸಂತನ ಹೆಸರು ಹೊತ್ತವರ ಹಬ್ಬವೂ ಹೌದು; ಪಂದೆಲಿಸ್ ಎನ್ನುವುದು ಪಂದೆಲೈಮೋನ್ ಹೆಸರಿನ ಕಿರುರೂಪ. ಆ ದಿನ ಅವರ ಮನೆಯ ಬಾಗಿಲು ತೆರೆದಿರುತ್ತದೆ. ಕರೆಯುವ ಪದ್ಧತಿ ಇಲ್ಲ, ಬಂದವರನ್ನು ತಡೆಯುವ ಪದ್ಧತಿಯಂತೂ ಇಲ್ಲವೇ ಇಲ್ಲ. ಯಾರು ಬಂದರೂ ಕೂರಿಸಬೇಕು, ತಂದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎಲ್ಲರಿಗೂ ಹಂಚಬೇಕು. ಪಂದೆಲಿಸ್ ತನ್ನ ಹೆಸರಿನ ಹಬ್ಬಕ್ಕೆ ಪ್ರವಾಸಿಗರನ್ನೂ ಮನೆಗೆ ಕರೆದುಕೊಂಡು ಬರುತ್ತಿದ್ದ. ಅವರಿಗೆ ಊರಿನ ಹಬ್ಬ ಕಂಡ ಸಂತೋಷ, ಇವನಿಗೆ ಮರುದಿನದ ದೋಣಿ ತುಂಬಿದ ಸಂತೋಷ.

ಹಬ್ಬದ ಹಿಂದಿನ ದಿನ ಜಂಬೇಟಾ ಗೋಧಿ ಬೇಯಿಸಿದಳು. ಸತ್ತವರ ಹೆಸರಿನಲ್ಲಿ ನಾವು ಬೇಯಿಸುವ ಗೋಧಿ. ಬೆಂದ ಕಾಳನ್ನು ಬಿಳಿ ಬಟ್ಟೆಯ ಮೇಲೆ ಹರವಿ ಆರಿಸಿದಳು. ಒಣದ್ರಾಕ್ಷಿ, ಬಾದಾಮಿ, ದಾಳಿಂಬೆ, ಎಳ್ಳು, ದಾಲ್ಚಿನ್ನಿ ಬೆರೆಸಿ ತಟ್ಟೆಯಲ್ಲಿ ಗುಡ್ಡೆ ಮಾಡಿದಳು. ಪಸೆ ಮೇಲೆ ಬರದಿರಲೆಂದು ಹುರಿದ ಹಿಟ್ಟು ಉದುರಿಸಿ, ಅದರ ಮೇಲೆ ಸಕ್ಕರೆ ಪುಡಿ ಹಾಕಿ, ಗೋಡೆಗೆ ಸುಣ್ಣ ಹೊಡೆದಷ್ಟು ನುಣ್ಣಗೆ ಒತ್ತಿದಳು. ನಿಕಿತಾಸನಿಗಾಗಿ ವರ್ಷವರ್ಷವೂ ಮಾಡಿ ಕೈ ಪಳಗಿತ್ತು. ಆಮೇಲೆ ಬೆಳ್ಳಿ ಬಣ್ಣದ ಸಕ್ಕರೆ ಗುಂಡುಗಳನ್ನು ಒಂದೊಂದಾಗಿ ಕೂರಿಸಿ ಒಂದು ದೋಣಿ ಬರೆದಳು. ದೋಣಿಯ ಮೇಲೆ ಶಿಲುಬೆ. ಕೆಳಗೆ, ಸತ್ತವರ ಹೆಸರು ಬರೆಯುವ ಜಾಗದಲ್ಲಿ, ಪೂರ್ತಿ ಅಕ್ಷರಗಳಲ್ಲಿ, ಪಂದೆಲಿಸ್.

ಫೆಂಕೆ ನೋಡುತ್ತ ನಿಂತಿದ್ದಳು. "ಚೆನ್ನಾಗಿದೆ. ಹಬ್ಬಕ್ಕೆ ಕೇಕಾ?"

"ಹೂಂ. ಅವನಿಗೋಸ್ಕರ. ಮುಟ್ಬೇಡ, ಗುಂಡು ಜಾರುತ್ತೆ."

ಇಪ್ಪತ್ತೇಳರ ಬೆಳಿಗ್ಗೆ ಪೂಜೆ ಮುಗಿದು ಪಂದೆಲಿಸನ ಮನೆಯ ಮಹಡಿಯಂಗಳದಲ್ಲಿ ಜನ ತುಂಬಿದ್ದರು. ಒಂದು ಕಡೆ ಊರಿನವರು, ಒಂದು ಕಡೆ ಹೆಗಲು ಕೆಂಪಗೆ ಸುಟ್ಟುಕೊಂಡ ಪ್ರವಾಸಿಗರು. ಪಾದ್ರಿ ಯೆರಾಸಿಮೋಸ್ ದೊಡ್ಡ ಕುರ್ಚಿಯಲ್ಲಿ ಕೂತು ಬಾದಾಮಿ ಮಿಠಾಯಿ ತಿನ್ನುತ್ತಿದ್ದರು. ಪಂದೆಲಿಸನ ಹೆಂಡತಿ ಸ್ತಮಾತಾ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಜಂಬೇಟಾ ಬಾಗಿಲಲ್ಲಿ ಕಾಣಿಸಿಕೊಂಡಾಗ ಊರಿನವರ ಕಡೆ ಮಾತು ನಿಂತಿತು. ಪ್ರವಾಸಿಗರ ಕಡೆ ನಡೆಯುತ್ತಲೇ ಇತ್ತು.

"ನೂರ್ಕಾಲ ಬಾಳು, ಪಂದೆಲಿಸ್" ಎಂದಳು. ಕೈಯಲ್ಲಿ ಕಸೂತಿ ಬಟ್ಟೆ ಮುಚ್ಚಿದ ತಟ್ಟೆ, ಬೆನ್ನ ಹಿಂದೆ ಫೆಂಕೆ.

ಪಂದೆಲಿಸನ ಕಣ್ಣು ತುಂಬಿತು. ಕ್ಷಮೆ ತಾನೇ ನಡೆದು ಮನೆಗೆ ಬಂತು ಎಂದುಕೊಂಡನೇನೋ. "ಬಾ, ಬಾ, ಜಂಬೇಟಾ. ಕೂತ್ಕೋ. ಲೇ ಸ್ತಮಾತಾ, ತಗೊಳ್ಳೇ, ಅವಳ ಕೈ ನೋಯುತ್ತೆ. ಎಷ್ಟು ವರ್ಷ ಆಯ್ತು ನೀನು ಈ ಮೆಟ್ಟಿಲು ಹತ್ತಿ!"

ಸ್ತಮಾತಾ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೇಜಿನ ನಡುವೆ ಇಟ್ಟು ಬಟ್ಟೆ ಎತ್ತಿದಳು. ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಪಕ್ಕದಲ್ಲಿದ್ದ ಒಬ್ಬ ಪ್ರವಾಸಿ, ಪಾಪ, ಚಮಚ ಚುಚ್ಚಿ ದೋಣಿಯ ಮೂತಿಯನ್ನೇ ಕಿತ್ತು ಬಾಯಿಗೆ ಹಾಕಿಕೊಂಡ. ತಲೆದೂಗಿದ. ಬೆರಳು ಜೋಡಿಸಿ ಬಹಳ ಚೆನ್ನಾಗಿದೆ ಎಂದು ಸನ್ನೆ ಮಾಡಿ ಹೆಂಡತಿಗೂ ಒಂದು ಚಮಚ ಕೊಟ್ಟ.

"ಪರದೇಶದವ್ರಿಗೆ ಗೊತ್ತಾಗಲ್ಲ" ಎಂದಳು ಜಂಬೇಟಾ. "ಇದನ್ನ ತಿಂದ್ಮೇಲೆ ಏನು ಹೇಳ್ಬೇಕು ಅಂತ ನೀನೇ ಹೇಳ್ಕೊಡು, ಪಂದೆಲಿಸ್. ನಿನಗೆ ಮೈಕಲ್ಲಿ ಹೇಳಿ ಅಭ್ಯಾಸ ಇದೆ."

ಆ ಗೋಧಿ ತಿಂದವರು "ದೇವರು ಅವನನ್ನು ಕ್ಷಮಿಸಲಿ" ಎನ್ನಬೇಕು. ಸತ್ತವನನ್ನು.

ಸ್ತಮಾತಾ ಕಿರುಚಿ ಎದೆಗೆ ಶಿಲುಬೆ ಗುರುತು ಹಾಕಿಕೊಂಡಳು. "ಮಾಟಗಾತಿ! ಹಬ್ಬದ ದಿನ ನನ್ನ ಗಂಡನ್ನ ಸಾಯಿಸ್ತೀಯಾ? ನಿನ್ನ ಕೈ ಸೇದಿಹೋಗ!"

ಪಾದ್ರಿ ಎದ್ದು ನಿಂತರು. "ಜಂಬೇಟಾ, ಬದುಕಿರೋನ ಮೇಲೆ ಗೋಧಿ ಬೇಯಿಸೋದು ಮಹಾಪಾಪ ಕಣಮ್ಮ."

"ಸತ್ತೋನ ಮೇಲೆ ಹೆಂಡ ಸುರಿದದ್ದು ಯಾವ ಪಾಪ, ಸ್ವಾಮಿ? ಅದೂ ದಿನಾ, ಟಿಕೆಟ್ ಇಟ್ಟು?"

ಜಂಬೇಟಾ ಫೆಂಕೆಯತ್ತ ತಿರುಗಿ ತಲೆಯಾಡಿಸಿದಳು. ಫೆಂಕೆ ಚೀಲದಿಂದ ಟೋಪಿ ತೆಗೆದು ತಟ್ಟೆಯ ಪಕ್ಕದಲ್ಲಿಟ್ಟಳು. ನೀಲಿ ಬಣ್ಣ ಮಾಸಿ ಬೂದಿಯಾಗಿತ್ತು. ಬಿಸ್ಕತ್ತಿನ ಡಬ್ಬದ ದಾರ ಇನ್ನೂ ಗಂಟು ಹಾಕಿದ ಹಾಗೇ ಇತ್ತು.

"ಅವನು ಇದನ್ನ ನನಗೆ ಕಟ್ಟಿದ" ಎಂದಳು ಫೆಂಕೆ. "ನೀನು ದೋಣಿ ಬಡಿದೆ. ಹೆಣ್ಣಿಗ ಅಂದೆ. ನಾನೂ ಅಂದೆ. ನನಗೆ ಗೊತ್ತಿರ್ಲಿಲ್ಲ. ನಿನಗೆ ಗೊತ್ತಿತ್ತು."

ಆ ಗಂಟು ನಿಕಿತಾಸನ ಗಂಟು. ಅವನು ಎಡಗೈಯವನು, ಗಂಟು ಹಾಕಿದರೆ ತಿರುವು ಉಲ್ಟಾ ಬೀಳುತ್ತಿತ್ತು. ಊರಿನ ಗಂಡಸರೆಲ್ಲ ಅದನ್ನು ಬಿಚ್ಚಲಾಗದೆ ಬೈದವರೇ. ಅವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ನೋಡಿ ಹಿಂದೆ ಸರಿದರು. ಪಂದೆಲಿಸ್ ಮಾತ್ರ ಹತ್ತಿರ ಬರಲಿಲ್ಲ. ಅವನಿಗೆ ದೂರದಿಂದಲೇ ಗೊತ್ತಾಗಿತ್ತು. ಈಜು ಕಲಿಯುವಾಗ ಅವನ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದವನು ನಿಕಿತಾಸನೇ.

"ಅವತ್ತು ಧಕ್ಕೆಯಲ್ಲಿ ನಿಂಬೆ ಚೀಪ್ತಿದ್ದ" ಎಂದ ಪಂದೆಲಿಸ್.

"ಜೋರಾಗಿ" ಎಂದಳು ಜಂಬೇಟಾ.

"ಕುಡಿದಿರ್ಲಿಲ್ಲ. ಬೇಡ ಅಂದ. ನಾನೇ... ದೋಣಿ ತುಂಬಿತ್ತು, ಜನ ನಗ್ತಿದ್ರು, ನಾನೇ ಕಳಿಸ್ದೆ."

"ಆ ತುದೀಲಿರೋರಿಗೆ ಕೇಳಿಸ್ಲಿಲ್ಲ."

"ನಿಕಿತಾಸ್ ಕುಡಿದಿರ್ಲಿಲ್ಲ!" ಎಂದು ಕೂಗಿದ ಪಂದೆಲಿಸ್. ಆ ಕೂಗಿಗೆ ಪ್ರವಾಸಿಗರೂ ಸುಮ್ಮನಾದರು. ಅವರಿಗೆ ಮಾತು ಅರ್ಥವಾಗಲಿಲ್ಲ. ಆದರೆ ಗೋಧಿ ತಿಂದವನು ಚಮಚವನ್ನು ಮೆಲ್ಲಗೆ ಕೆಳಗಿಟ್ಟ.

ಪಂದೆಲಿಸ್ ಕುರ್ಚಿ ಹಿಡಿದುಕೊಂಡು ಕೂತ. ಆಮೇಲೆ ಕೈ ಚಾಚಿ, ತನ್ನ ಹೆಸರಿನ ಕೊನೆಯಿಂದ ಒಂದು ಚಿಟಿಕೆ ಗೋಧಿ ತೆಗೆದು ಬಾಯಿಗೆ ಹಾಕಿಕೊಂಡ. ಅಗಿದ. ನುಂಗಲು ತುಂಬಾ ಹೊತ್ತಾಯಿತು.

"ಈಗ ಹೇಳು, ಜಂಬೇಟಾ" ಎಂದ. "ಎಲ್ಲಾ ಹೇಳ್ದೆ ತಾನೆ? ಈಗ ನೀನು ಹೇಳು."

ಪಾದ್ರಿ ಅವಳನ್ನು ನೋಡಿದರು. ಸ್ತಮಾತಾ ಅಳುತ್ತ ಅವಳ ತೋಳಿಗೆ ಕೈ ಹಾಕಿದಳು. ಊರಿಗೆ ಊರೇ ಆ ಒಂದು ಮಾತಿಗೆ ಕಾಯಿತು. ಹೇಳಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತು, ಇಷ್ಟು ವರ್ಷ ಲೋಟದ ಮಾತಿಗೆ ನಕ್ಕವರಿಗೂ.

ಜಂಬೇಟಾ ಟೋಪಿಯನ್ನು ಎತ್ತಿಕೊಂಡಳು. ಗಂಟು ಸಡಿಲವಾಗದ ಹಾಗೆ ಮಡಿಚಿ ಎದೆಯ ಹತ್ತಿರ ಉಡುಪಿನೊಳಗೆ ಇಟ್ಟುಕೊಂಡಳು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು.

"ನಾನು ಕೇಳಿದ್ದು ನಿನ್ನ ಮಾತು. ನೀನು ಕೊಟ್ಟೆ, ನಾನು ತಗೊಂಡೆ" ಎಂದಳು. "ನನ್ನ ಮಾತು ಕೊಡ್ತೀನಿ ಅಂತ ಯಾವತ್ತು ಹೇಳಿದ್ದೆ?"

ತಟ್ಟೆ ಹೊತ್ತುಕೊಂಡು ಮೆಟ್ಟಿಲಿಳಿದಳು. ಮನೆಗೆ ಬಂದು ಗೋಧಿಯನ್ನೆಲ್ಲ ಕೋಳಿಗಳಿಗೆ ಸುರಿದಳು. ಹುಂಜ ಎಲ್ಲರಿಗಿಂತ ಮುಂಚೆ ಓಡಿ ಬಂತು. "ತಿನ್ನು ಪಂದೆಲಿಸ್, ತಿನ್ನು. ನಿನ್ನದೇ" ಎಂದಳು. ಆಮೇಲೆ ಹೊಸಿಲ ಮೇಲೆ ಕೂತು, ಫೆಂಕೆ ಹೆದರುವಷ್ಟು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ಯಾರೂ ಕಂಡಿರಲಿಲ್ಲ. ಆಗ ಕೋಪಕ್ಕೇ ಹೊತ್ತು ಸಾಲದೆ ಹೋಗಿತ್ತು.

ಮರುದಿನದಿಂದ ಭೂಶಿರದ ಹತ್ತಿರ ಧ್ವನಿವರ್ಧಕ ಮಾತಾಡಲಿಲ್ಲ. ಲೋಟ ಎನ್ನುವ ಮಾತು ಊರಿನ ಬಾಯಿಂದ ಮೆಲ್ಲಗೆ ಬಿಟ್ಟುಹೋಯಿತು. ಈಗ ಅದು ಬರಿಯ ನಿಕಿತಾಸನ ಬಂಡೆ. ಜಂಬೇಟಾ ಧಕ್ಕೆಯಲ್ಲಿ ನಿಂತು ಹಳೆಯ ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಲಿಲ್ಲ. ಕ್ಷಮೆಯ ಭಾನುವಾರ ಪಂದೆಲಿಸ್ ಬಂದು ನಿಂತಾಗ ಅವಳು "ಯಾವುದಕ್ಕೆ?" ಎನ್ನುತ್ತಿರಲಿಲ್ಲ. ಅವನ ಮುಖವನ್ನೇ ನೋಡಿ ಸುಮ್ಮನಿರುತ್ತಿದ್ದಳು. ಅದು ಅವನಿಗೆ ಹೆಚ್ಚು ಕಷ್ಟವಾಗುತ್ತಿತ್ತು. ಅವಳಿಗೆ ಅದು ಗೊತ್ತಿತ್ತು.

ಈ ಚಳಿಗಾಲ ಎದೆಗೆ ಕಫ ಕಟ್ಟಿ ಮಲಗಿದವಳು ಏಳಲಿಲ್ಲ. ಹಾಲೆಂಡಿನಿಂದ ಫೆಂಕೆ ಬಂದಳು. ಖಾಲಿ ಹಡಗಿನಿಂದ ಇಳಿದ ಅವಳನ್ನು ಧಕ್ಕೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಪೆಟ್ಟಿಗೆ ಮುಚ್ಚುವ ಮುಂಚೆ ಒಬ್ಬೊಬ್ಬರಾಗಿ ಬಗ್ಗಿ, ಹಣೆಗೆ ಕೊನೆಯ ಮುತ್ತು ಕೊಟ್ಟು, ಸತ್ತವರ ಹತ್ತಿರ ಕ್ಷಮೆ ಕೇಳುವುದು ನಮ್ಮ ಪದ್ಧತಿ. ಎಲ್ಲರಿಗಿಂತ ಕೊನೆಗೆ ಪಂದೆಲಿಸ್ ಕೋಲೂರಿಕೊಂಡು ಬಂದ. ಬಗ್ಗಿದವನು ತುಂಬಾ ಹೊತ್ತು ಬಗ್ಗಿಯೇ ಇದ್ದ. ಏನೋ ಹೇಳಿದ, ಮತ್ತೊಮ್ಮೆ ಹೇಳಿದ, ಕಾದ.

ಆಗ ಅವಳ ಮುಖ ಮೆತ್ತಗಾಯಿತು, ನಕ್ಕ ಹಾಗೆ ಕಂಡಿತು ಎಂದು ಈಗ ಹೆಂಗಸರು ಹೇಳುತ್ತಾರೆ. ಸುಳ್ಳು. ಅವಳ ಗಲ್ಲದ ಕೆಳಗಿನಿಂದ ಬಟ್ಟೆ ಕಟ್ಟಿತ್ತು, ತುಟಿ ಬಿಗಿದಿತ್ತು. ತಲೆಯ ಪಕ್ಕದಲ್ಲಿ, ಫೆಂಕೆ ಇಟ್ಟಿದ್ದ ಮಾಸಿದ ಟೋಪಿಯ ದಾರದ ಗಂಟು ಯಾರೂ ಬಿಚ್ಚದೆ ಹಾಗೇ ಇತ್ತು. ಪಂದೆಲಿಸ್ ಅದನ್ನೇ ನೋಡುತ್ತ ನೆಟ್ಟಗಾದ. ಜಂಬೇಟಾ ಏನೂ ಹೇಳಲಿಲ್ಲ.